ಅನುಮಾನಪಡುವವನ ಭಕ್ತಿ

ಬಂದೂಕಿನ ತೋಟಾವನ್ನು ಪರೀಕ್ಷೆ ಮಾಡಿ ಇಟ್ಟುಕೊಳ್ಳಲು ಬರುವುದಿಲ್ಲ. ಹಾರಿಸಿ ನೋಡಿದರೆ ಒಳ್ಳೆಯದಿತ್ತು ಎಂದು ಗೊತ್ತಾಗುತ್ತದೆ, ಆದರೆ ಆಗ ಕೈಯಲ್ಲಿ ಉಳಿಯುವುದು ಖಾಲಿ ಖೋಕಾ, ಅಂದರೆ ತೋಟಾದ ಹೊರಗಿನ ಲೋಹದ ಕೊಳವೆ. ಹಾರಿಸದೆ ಇಟ್ಟುಕೊಂಡರೆ ತೋಟಾ ಇರುತ್ತದೆ, ಅದರ ಗುಣ ಗೊತ್ತಿರುವುದಿಲ್ಲ. ಸೈನ್ಯದಲ್ಲಿ ಆರ್ಮರರ್ ಆಗಿದ್ದೆ, ಅಂದರೆ ಪಲ್ಟನ್ನಿನ ಬಂದೂಕುಗಳ ರಿಪೇರಿ ಮತ್ತು ತಪಾಸಣೆ ನನ್ನ ಕೆಲಸ. ನನ್ನ ಪ್ರಾಯವೆಲ್ಲ ಈ ಇಕ್ಕಟ್ಟಿನಲ್ಲೇ ಸವೆಯಿತು. ಕಾಣದ್ದನ್ನು ನಂಬುವುದು ಹೇಗೆ, ನಂಬಬೇಕೆ, ಅನುಮಾನಪಟ್ಟರೆ ಪಾಪವೆ ಎಂಬ ಪ್ರಶ್ನೆಗಳು ನನಗೆ ಎದುರಾದದ್ದು ಕೋತ್‌ನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಎಣ್ಣೆ ಮೆತ್ತಿದ ಕೈಯಲ್ಲಿ ಚಿಂದಿ ಹಿಡಿದುಕೊಂಡು ಕೂತಾಗ.

ನಮ್ಮದು ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿ. ಇತಿಹಾಸ ಓದಿದವರು ದೊಡ್ಡೇರಿ ಅಂದ ಕೂಡಲೇ ಶಿರಾದ ಮೊಗಲ್ ಅಧಿಕಾರಿ ಕಾಸಿಂಖಾನನನ್ನು ಮರಾಠರ ಸಂತಾಜಿ ಘೋರ್ಪಡೆ ಮುತ್ತಿದ ಜಾಗ ಅದೇನಾ ಎಂದು ಕೇಳುತ್ತಾರೆ. ಆ ದೊಡ್ಡೇರಿ ಚಳ್ಳಕೆರೆ ಕಡೆಯದು. ನಮ್ಮದು ಕಡ್ಲೆಕಾಯಿ, ರಾಗಿ, ಒಣಗಿದ ಬೋರ್‌ವೆಲ್‌ಗಳ ಊರು. ಭರ್ತಿಗೆ ಹೊರಟ ದಿನ ಅವ್ವ ಮಧುಗಿರಿಯ ದಂಡಿನ ಮಾರಮ್ಮನ ಗುಡಿಗೆ ಕರೆದುಕೊಂಡು ಹೋಗಿ ಹಣೆಗೆ ಭಂಡಾರ ಹಚ್ಚಿಸಿದ್ದಳು. ಅವಳಿಗೆ ಆ ತಾಯಿಯ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನಗೆ ಮಾತ್ರ ಅನುಮಾನಪಡುವುದಕ್ಕೇ ಸರ್ಕಾರ ಸಂಬಳ ಕೊಟ್ಟಿತು.

ಕೆಲಸ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ಪಾಯಿಂಟ್ ತ್ರೀ-ನಾಟ್-ತ್ರೀ. ಆಮೇಲೆ ಇಷಾಪುರದ ಕಾರ್ಖಾನೆಯಿಂದ ಎಸ್‌ಎಲ್‌ಆರ್ ಬಂತು, ಸೆಲ್ಫ್ ಲೋಡಿಂಗ್ ರೈಫಲ್. ಒಂದು ಗುಂಡು ಹಾರಿದಾಗ ಹುಟ್ಟುವ ಗ್ಯಾಸಿನಲ್ಲಿ ಒಂದಿಷ್ಟನ್ನು ತಿರುಗಿಸಿಕೊಂಡು, ಅದರ ಬಲದಿಂದಲೇ ಖೋಕಾ ಹೊರಗೆಸೆದು ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಬಂದೂಕು. 1990ರ ದಶಕದಲ್ಲಿ ಬಂದ ಇನ್ಸಾಸ್, ಕಾಶ್ಮೀರದಲ್ಲಿ ಎಲ್ಲರೂ ಬಯಸುತ್ತಿದ್ದ ಎಕೆ, ಎಲ್ಲವೂ ನಡೆಯುವುದು ಇದೇ ಬಗೆಯಲ್ಲಿ. ಇಂಥ ಬಂದೂಕಿನಲ್ಲಿ ತೋಟಾ ಬರೀ ಗುರಿ ಹೊಡೆಯುವುದಿಲ್ಲ, ಬಂದೂಕನ್ನು ನಡೆಸುವುದೂ ಅದೇ. ಒಂದು ತೋಟಾ ಕೈಕೊಟ್ಟರೆ ಅದರ ಹಿಂದಿನವೆಲ್ಲ ನಿಂತಲ್ಲೇ ನಿಲ್ಲುತ್ತವೆ.

ಮದ್ದು ಉರಿದಾಗ ಖೋಕಾ ಹಿಗ್ಗಿ, ತಾನು ಕೂತ ಚೇಂಬರಿನ ಗೋಡೆಗೆ ಒತ್ತಿಕೊಂಡು ಗ್ಯಾಸು ಹಿಂದಕ್ಕೆ ಬಾರದಂತೆ ತಡೆಯಬೇಕು. ಮರುಕ್ಷಣ ಕುಗ್ಗಿ ಗೋಡೆ ಬಿಡಬೇಕು, ಆಗ ಎಕ್ಸ್‌ಟ್ರಾಕ್ಟರ್ ಉಗುರು ಹಾಕಿ ಎಳೆಯುತ್ತದೆ. ಹಿತ್ತಾಳೆ ಈ ಎರಡು ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ಹಿತ್ತಾಳೆಗೆ ತಾಮ್ರ ಬೇಕು, ತಾಮ್ರ ದುಬಾರಿ. ಎರಡನೇ ಮಹಾಯುದ್ಧದಲ್ಲಿ ತಾಮ್ರ ಸಾಲದೆ ಜರ್ಮನರು ಮೆರುಗೆಣ್ಣೆ ಬಳಿದ ಉಕ್ಕಿನ ಖೋಕಾಕ್ಕೆ ತಿರುಗಿದರು. ರಷ್ಯನ್ನರು ಯುದ್ಧ ಮುಗಿದ ಮೇಲೂ ಅದನ್ನೇ ಮುಂದುವರಿಸಿದರು. ತುಲಾ, ಬರ್ನೌಲ್ ಕಾರ್ಖಾನೆಗಳ ಅಗ್ಗದ ಉಕ್ಕಿನ ತೋಟಾಗಳು ಅಮೆರಿಕದ ಅಂಗಡಿಗಳಲ್ಲಿ ವರ್ಷಗಟ್ಟಲೆ ಮಾರಾಟವಾದವು; 2021ರಲ್ಲಿ ಅಲ್ಲಿನ ಸರ್ಕಾರ ಹೊಸ ಆಮದು ಪರವಾನಗಿ ನಿಲ್ಲಿಸಿತು. ಉಕ್ಕು ಹಿತ್ತಾಳೆಯಷ್ಟು ಬಾಗುವ ಜಾತಿಯಲ್ಲ. ಅಷ್ಟು ಬಿಗಿಯಾಗಿ ಗೋಡೆಗೆ ಅಂಟುವುದಿಲ್ಲ, ಸಂದಿಯಲ್ಲಿ ಮಸಿ ನುಗ್ಗುತ್ತದೆ, ಅಷ್ಟು ಸಲೀಸಾಗಿ ಬಿಡುವುದೂ ಇಲ್ಲ. ಎಕ್ಸ್‌ಟ್ರಾಕ್ಟರ್ ಬೇಗ ಸವೆಯುತ್ತದೆ. ಗುಂಡಿನ ಮೇಲ್ಕವಚವೂ ತಾಮ್ರ ಲೇಪಿಸಿದ ಉಕ್ಕಾಗಿದ್ದರೆ ನಳಿಕೆಯೂ ಸವೆಯುತ್ತದೆ.

ಕಾಶ್ಮೀರದ ಕುಪ್ವಾರ ಕಡೆ ಸಿಕ್ಕಿಬಿದ್ದ ಎಕೆ ಮ್ಯಾಗಜಿನ್‌ಗಳಲ್ಲಿ ಇಂಥ ಉಕ್ಕಿನ ತೋಟಾಗಳನ್ನು ನೋಡಿದ್ದೇನೆ. ಪಾಚಿ ಬಣ್ಣದ ಮೆರುಗು, ಅಯಸ್ಕಾಂತ ಹಿಡಿದರೆ ಟಪ್ಪನೆ ಕಚ್ಚಿಕೊಳ್ಳುತ್ತಿದ್ದವು. ಹುಡುಗರು ಕೈಯಲ್ಲಿ ತಿರುಗಿಸಿ "ಚೀಪ್ ಮಾಲು ಉಸ್ತಾದ್" ಅನ್ನುತ್ತಿದ್ದರು. ಎರಡು ಖೋಕಾ ಪಕ್ಕಪಕ್ಕ ಇಟ್ಟು ತೋರಿಸುತ್ತಿದ್ದೆ. ಎಕೆಯ ಖೋಕಾ ಬುಡದಲ್ಲಿ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ, ಕಣ್ಣಿಗೇ ಕಾಣುವಷ್ಟು ಓರೆ. ಗೋಡೆಯಿಂದ ಕೂದಲೆಳೆ ಬಿಟ್ಟರೂ ಪೂರ್ತಿ ಬಿಟ್ಟಂತೆ. ಆ ಬಂದೂಕು ಹುಟ್ಟಿದ್ದೇ ಆ ತೋಟಾಕ್ಕೆ. ಇನ್ಸಾಸಿನ ಐದು-ಐವತ್ತಾರು ತೋಟಾ ಹೆಚ್ಚುಕಡಿಮೆ ನೆಟ್ಟಗಿನ ಕೊಳವೆ. ಅದರಲ್ಲಿ ಉಕ್ಕಿನ ಖೋಕಾ ಹಾಕಿದರೆ ಬಿಸಿಗೆ, ಮಸಿಗೆ ಸಿಕ್ಕಿಕೊಳ್ಳುವ ಸಂಭವ ಜಾಸ್ತಿ. ಹಾಗಾಗಿ ಈ ತೋಟಾ ನಂಬಿಗಸ್ತವೇ ಎಂದು ಕೇಳಿದವರಿಗೆಲ್ಲ ನಾನು ಮೊದಲು ಕೇಳುತ್ತಿದ್ದದ್ದು, ಯಾವ ಬಂದೂಕಿಗೆ ಎಂದು.

ನಮ್ಮ ಪಲ್ಟನ್ನಿನ ಸರ್ವಧರ್ಮ ಸ್ಥಳದಲ್ಲಿ, ಅಂದರೆ ಎಲ್ಲ ಮತದವರ ಪ್ರಾರ್ಥನೆಯ ಜಾಗದಲ್ಲಿ, ಒಬ್ಬ ಪಂಡಿತ್‌ಜಿ ಇದ್ದರು, ಬಿಹಾರದ ಮಿಥಿಲೆಯವರು. ದಸರಾಕ್ಕೆ ಶಸ್ತ್ರಪೂಜೆ ಅವರೇ ಮಾಡಿಸುತ್ತಿದ್ದರು. ಪೂಜೆಯ ದಿನ ಸಾಲಾಗಿ ನಿಲ್ಲಿಸಿದ ಬಂದೂಕುಗಳಿಗೆ ಅರಿಶಿನ ಕುಂಕುಮ, ಹೂವು. ಮರುದಿನ ಬೆಳಿಗ್ಗೆ ನಾನು ಅದನ್ನೆಲ್ಲ ಒರೆಸಿ ಎಣ್ಣೆ ಹಚ್ಚಬೇಕು; ನೀರಲ್ಲಿ ಕಲಸಿದ ಕುಂಕುಮ ಉಕ್ಕಿನ ಮೇಲೆ ನಿಂತರೆ ತುಕ್ಕು ತಪ್ಪಿದ್ದಲ್ಲ. ಒಂದು ಸಲ ಪಂಡಿತ್‌ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೇಜಾರಾಯಿತೇನೋ ಎಂದುಕೊಂಡು, "ಸಾಬ್, ಅಮ್ಮನವರ ಕುಂಕುಮ ಒರೆಸ್ತಾ ಇದ್ದೀನಿ, ತಪ್ಪು ತಿಳೀಬೇಡಿ" ಅಂದೆ. ಅವರು ಪಕ್ಕದಲ್ಲಿ ಕೂತು, "ಉಸ್ತಾದ್, ನಿನ್ನೆ ನಾನು ಮಾಡಿದ್ದು ಪೂಜೆಯ ಅರ್ಧ, ಈಗ ನೀನು ಮಾಡ್ತಿರೋದು ಇನ್ನರ್ಧ" ಅಂದರು.

ಅವರ ಊರು ಉದಯನ, ಗಂಗೇಶರಂಥ ನೈಯಾಯಿಕರ, ಅಂದರೆ ನ್ಯಾಯಶಾಸ್ತ್ರದ ಪಂಡಿತರ, ಸೀಮೆ. ಆ ಚಳಿಗಾಲ ಬುಖಾರಿ ಒಲೆಯ ಮುಂದೆ ಕೂತು ಅವರು ನನಗೆ ಪ್ರಾಮಾಣ್ಯದ ಜಗಳ ಹೇಳಿಕೊಟ್ಟರು. ನಮಗೆ ಒಂದು ತಿಳಿವು ಬಂದಾಗ ಅದು ಸರಿ ಎಂದು ಹೇಗೆ ಗೊತ್ತು? ಮೀಮಾಂಸಕರು, ಅಂದರೆ ಮೀಮಾಂಸಾ ದರ್ಶನದವರು, ಸ್ವತಃ ಪ್ರಾಮಾಣ್ಯ ಎನ್ನುತ್ತಾರೆ: ತಿಳಿವು ತನ್ನಷ್ಟಕ್ಕೆ ನಂಬಿಕೆಗೆ ಅರ್ಹ, ದೋಷ ಕಂಡಾಗ ಮಾತ್ರ ಬಿಡು. ನೈಯಾಯಿಕರದು ಪರತಃ ಪ್ರಾಮಾಣ್ಯ: ನಡೆದು ನೋಡು, ಫಲ ಸಿಕ್ಕರೆ ಸರಿಯೆಂದು ಆಗ ತಿಳಿ, ನೀರು ಕಂಡಿತು, ಹೋದೆ, ಬಾಯಾರಿಕೆ ತೀರಿತು, ಹಾಗಾದರೆ ಕಂಡದ್ದು ನೀರೇ. ಕೇಳಿದ ಕೂಡಲೇ ನಾನು ನೈಯಾಯಿಕರ ಪಕ್ಷ ಸೇರಿದೆ. ಅವರ ಹದಿನಾರು ಪದಾರ್ಥಗಳ ಪಟ್ಟಿಯಲ್ಲಿ ಸಂಶಯಕ್ಕೆ ಮೂರನೆಯ ಜಾಗವಂತೆ. ಅನುಮಾನಪಡುವವನನ್ನು ಗುಡಿಯ ಹೊರಗೆ ನಿಲ್ಲಿಸದೆ ಒಳಗೆ ಕರೆದು ಮಣೆ ಹಾಕಿದ ಶಾಸ್ತ್ರವೊಂದಿದೆ ಎಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ನ್ಯಾಯದ ದಾರಿಯಲ್ಲಿ ಒಂದು ಮುಳ್ಳಿದೆ. ಪರೀಕ್ಷೆಯಿಂದ ಸರಿ ಎನ್ನುವುದಾದರೆ ಆ ಪರೀಕ್ಷೆ ಸರಿ ಎನ್ನಲು ಇನ್ನೊಂದು ಪರೀಕ್ಷೆ ಬೇಕು, ಅದಕ್ಕೆ ಮತ್ತೊಂದು. ಅನವಸ್ಥೆ ಎಂದು ಇದಕ್ಕೆ ಹೆಸರು. ನನಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಬೋಲ್ಟಿನ ಮುಖಕ್ಕೂ ಚೇಂಬರಿಗೂ ನಡುವಿನ ಜಾಗ ಅಳೆಯುವ ಉಕ್ಕಿನ ಗೇಜು ನನ್ನ ಪೆಟ್ಟಿಗೆಯಲ್ಲಿತ್ತು. 'ಗೋ' ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, 'ನೋ-ಗೋ' ಮೇಲೆ ಮುಚ್ಚಬಾರದು. ಗೇಜೇ ಸವೆದಿದ್ದರೆ? ಅದಕ್ಕೇ ಗೇಜುಗಳು ಆಗಾಗ ತಪಾಸಣೆಗೆ ಹೋಗುತ್ತಿದ್ದವು. ಅಲ್ಲಿನ ಮಾನಕವನ್ನು ಅಳೆಯುವವರು ಯಾರು? ರಿಟೈರ್ ಆಗಿ ಬಂದ ಮೇಲೆ ಮಧುಗಿರಿಯ ಒಬ್ಬ ಸಂಸ್ಕೃತ ಮೇಷ್ಟ್ರ ಹತ್ತಿರ ಇದನ್ನು ಎತ್ತಿದೆ. ಅವರು ಮಧ್ವಾಚಾರ್ಯರ ಮತ ಹೇಳಿದರು: ಪರೀಕ್ಷೆ ಬೇಕು, ಆದರೆ ಅದು ಕೊನೆಯಿಲ್ಲದೆ ಓಡುವುದಿಲ್ಲ, ಒಳಗಿರುವ ಸಾಕ್ಷಿ ಒಂದು ಹಂತದಲ್ಲಿ ನಿಶ್ಚಯ ಮಾಡುತ್ತದೆ, ಅಲ್ಲಿಗೆ ಮುಗಿಯಿತು. ನೈಯಾಯಿಕರೂ ಬೇರೆ ದಾರಿಯಿಂದ ಇದರ ಹತ್ತಿರಕ್ಕೆ ಬರುತ್ತಾರೆ. ಹಸಿದು ಅನ್ನಕ್ಕೆ ಕೈ ಹಾಕುವವನು ಅನ್ನದಿಂದ ಹಸಿವು ಹೋಗುವುದನ್ನು ನಿಜವಾಗಿ ಸಂಶಯಿಸುತ್ತಿಲ್ಲ, ತನ್ನ ನಡೆಗೇ ವಿರುದ್ಧವಾದ ಕಡೆ ಸಂಶಯ ನಿಲ್ಲುತ್ತದೆ ಎನ್ನುತ್ತಾರೆ.

ಇಷ್ಟು ಕೇಳಿದ ಮೇಲೆ ನನ್ನದೇ ಒಂದು ವಿಚಾರ ಗಟ್ಟಿಯಾಯಿತು, ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು. ರಾತ್ರಿ ಆಂಬುಶ್‌ಗೆ, ಅಂದರೆ ಹೊಂಚು ಹಾಕಲು, ಹೋದ ಹುಡುಗ ಮೀಮಾಂಸಕನಾಗಿರಬೇಕು. ಟ್ರಿಗರ್ ಒತ್ತಿದರೆ ಗುಂಡು ಹೋಗುತ್ತದೆ, ಅಷ್ಟೆ; ಆ ಕ್ಷಣದಲ್ಲಿ ಅವನಿಗೆ ಅನುಮಾನ ಬಂದರೆ ಅವನು ಸತ್ತ. ಗುಂಡು ಹೋಗದಿದ್ದರೆ ಕಾಕ್ ಮಾಡು, ನೋಡು, ಮತ್ತೆ ಫೈರ್ ಎಂಬ ಕಾರ್ವಾಯಿ ಅವನ ಕೈಗೆ ಕಲಿಸಿರುತ್ತದೆ. ದೋಷ ಕಂಡಾಗ ಮಾತ್ರ ಬಿಡು ಎಂದದ್ದೂ ಇದನ್ನೇ. ಅವನು ಹಾಗೆ ನಂಬುವುದು ಸಾಧ್ಯವಾಗಬೇಕಾದರೆ ಕೋತ್‌ನಲ್ಲಿ ಕೂತ ನಾನು ನೈಯಾಯಿಕನಾಗಿರಬೇಕು, ಪ್ರತಿ ಸ್ಪ್ರಿಂಗನ್ನೂ ಸಂಶಯದಿಂದ ನೋಡಬೇಕು. ನನ್ನ ಹಿಂದೆ ಕಾರ್ಖಾನೆಯಲ್ಲಿ ಒಬ್ಬ ಒಂದು ಲಾಟಿನಿಂದ, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿನಿಂದ, ಒಂದಷ್ಟು ತೋಟಾ ತೆಗೆದು ಹಾರಿಸಿ, ಉಳಿದವುಗಳಿಗೆ ಹೊಣೆ ಹೊತ್ತು ನಂಬರು ಹಾಕಿರಬೇಕು. ಕಣ್ಣಾರೆ ಕಂಡದ್ದನ್ನು ಮಾತ್ರ ಒಪ್ಪುವ ಚಾರ್ವಾಕನನ್ನು ಕೇಳಿದರೆ, ಹಾರಿದ ತೋಟಾಗಳಿಂದ ಹಾರದ ತೋಟಾದ ಬಗ್ಗೆ ಏನೂ ಸಿದ್ಧವಾಗದು ಎಂದಾನು. ಅವನ ಮಾತು ಸುಳ್ಳಲ್ಲ. ಅದಕ್ಕೇ ಪೆಟ್ಟಿಗೆಯ ಮೇಲೆ ಲಾಟ್ ನಂಬರು ಇರುವುದು: ಒಂದು ಕೈಕೊಟ್ಟರೆ ಆ ಲಾಟಿನ ಉಳಿದದ್ದನ್ನೆಲ್ಲ ತಡೆಹಿಡಿಯಲು. ಒಬ್ಬನ ನಿಶ್ಚಿಂತೆಗೆ ಇನ್ನೊಬ್ಬನ ಸಂಶಯ ಆಧಾರವಾಗಿ ನಿಂತಿದೆ. ಈ ಇಬ್ಬರಲ್ಲಿ ಯಾರು ಹೆಚ್ಚು ಭಕ್ತರು ಎಂದು ಕೇಳಿದರೆ ನನಗೆ ಹೇಳಲು ಬಾರದು, ಆದರೆ ಸಂಶಯಪಟ್ಟವನನ್ನು ನಾಸ್ತಿಕ ಎಂದು ಕರೆದರೆ ನಾನು ಒಪ್ಪುವುದಿಲ್ಲ.

ಇದರ ನಡುವೆ ಆಪ್ತನೆಂಬವನೊಬ್ಬ ಬರುತ್ತಾನೆ. ಕಂಡದ್ದನ್ನು ಕಂಡ ಹಾಗೆ, ಮೋಸವಿಲ್ಲದೆ ಹೇಳುವವನು ಆಪ್ತ, ಅವನ ಮಾತು ಪ್ರಮಾಣ. ತೋಟಾದ ಬುಡ ತಿರುಗಿಸಿದರೆ ಕಾರ್ಖಾನೆಯ ಗುರುತಿರುತ್ತದೆ, ಖಡ್ಕಿಯದಾದರೆ ಕೆಎಫ್, ವರಣಗಾಂವದ್ದಾದರೆ ಓಎಫ್‌ವಿ. ನನಗೆ ಅದು ಆಪ್ತವಾಕ್ಯ. ಆ ಮಾತು ಒಮ್ಮೆ ಕೆಟ್ಟರೆ ಏನಾಗುತ್ತದೆಂಬುದಕ್ಕೆ 1857 ಇದೆ. ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ಹಸು, ಹಂದಿಯ ಕೊಬ್ಬು ಸವರಿದೆ ಎಂಬ ಸುದ್ದಿ ಹಬ್ಬಿತು. ಬೇಕಾದರೆ ನೀವೇ ನಿಮ್ಮ ಎಣ್ಣೆ ಸವರಿಕೊಳ್ಳಿ ಎಂದರೂ ಸಿಪಾಯಿಗಳು ನಂಬಲಿಲ್ಲ. ಮೀರತ್‌ನಲ್ಲಿ 85 ಸವಾರರು ತೋಟಾ ಮುಟ್ಟಲು ಒಪ್ಪದೆ ಬೇಡಿ ಹಾಕಿಸಿಕೊಂಡರು, ಮಾರನೆಯ ದಿನ, ಮೇ 10ರಂದು, ದಂಗೆ ಎದ್ದಿತು. ಅಷ್ಟು ಹೊತ್ತಿಗೆ ತೋಟಾವನ್ನು ಬಿಚ್ಚಿ ತೋರಿಸಿ ಪ್ರಯೋಜನವಿರಲಿಲ್ಲ, ಈಸ್ಟ್ ಇಂಡಿಯಾ ಕಂಪನಿಯ ಮಾತೇ ಕೆಟ್ಟಿತ್ತು. ಅದೇ ವರ್ಷ ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತದ್ದಕ್ಕೂ ಇದಕ್ಕೂ ನಂಟಿದೆ ಎಂದೇ ನನ್ನ ಭಾವನೆ. ಮಾತು ಕೆಟ್ಟವನ ಕೈಗೆ ಬಂದೂಕು ಕೊಡುವುದು ಹೇಗೆ? ಅಗ್ಗದ ಉಕ್ಕಿನ ತೋಟಾದ ಮೇಲೆ ನನಗೆ ಸಿಟ್ಟಿಲ್ಲದಿರುವುದೂ ಇದರಿಂದಲೇ. ನಾನು ಉಕ್ಕು, ಇಷ್ಟೇ ಬಾಗುತ್ತೇನೆ ಎಂದು ಅದು ಹೇಳಿಕೊಂಡೇ ಬರುತ್ತದೆ.

ಈಗ ಊರಿನ ಮಾತು. ತಮ್ಮನ ಮಗ ಎರಡು ವರ್ಷದ ಹಿಂದೆ ಬೋರ್ ಹಾಕಿಸುವ ಮುಂಚೆ ನಮ್ಮ ಗ್ರಾಮದೇವತೆಯ ಮುಂದೆ ಹೂವಿನ ಅಪ್ಪಣೆ ಕೇಳಿದ. ಬಲಗಡೆ ಹೂ ಬಿತ್ತು, ಅಂದರೆ ದೇವಿಯ ಒಪ್ಪಿಗೆ. ಬೋರಿನಿಂದ ಬಂದದ್ದು ಬಿಳಿ ಧೂಳು, ಮೈಮೇಲೆ ಉಳಿದದ್ದು ಸಾಲ. ಅಂದಿನಿಂದ ಅವನು ಗುಡಿಯ ಮೆಟ್ಟಿಲು ಹತ್ತಲಿಲ್ಲ. ಒಂದು ಸಂಜೆ ಜಗಲಿಯ ಮೇಲೆ, "ದೊಡ್ಡಪ್ಪ, ಬೋರೂ ನಿನ್ನ ತೋಟಾ ಇದ್ದಂಗೆ, ಕೊರೆಸದೆ ಗೊತ್ತಾಗಲ್ಲ. ನೀನು ಅಷ್ಟು ವರ್ಷ ಹೆಂಗೆ ನಂಬ್ದೆ?" ಎಂದು ಕೇಳಿದ. ಅಳು ಬರುವಷ್ಟು ಸಂಕಟದಲ್ಲಿದ್ದ. ಒಂದು ತೋಟಾ ಹಾರದಿದ್ದರೆ ನಾವು ಬಂದೂಕನ್ನು ಹಳ್ಳಕ್ಕೆ ಎಸೆಯುತ್ತಿರಲಿಲ್ಲ ಕಣೋ, ಪುಸ್ತಕದಲ್ಲಿ ಬರೆಯುತ್ತಿದ್ದೆವು ಅಂದೆ. ಯಾವ ಲಾಟು, ಯಾವ ಬಂದೂಕು, ಯಾವ ದಿನ, ಏನಾಯಿತು. ಆಮೇಲೆ ಅವನನ್ನೇ ಕೇಳಿದೆ, "ಹೂ ಕೇಳಿ ಕೊರೆಸಿದ ಬೋರುಗಳಲ್ಲಿ ಎಷ್ಟಕ್ಕೆ ನೀರು ಬಂತು, ಕೇಳದೆ ಕೊರೆಸಿದ್ದರಲ್ಲಿ ಎಷ್ಟಕ್ಕೆ ಬಂತು, ನಮ್ಮೂರಲ್ಲಿ ಯಾರಾದರೂ ಬರೆದಿಟ್ಟಿದ್ದಾರಾ?"

ಯಾರೂ ಬರೆದಿಟ್ಟಿರಲಿಲ್ಲ. ಬಂದದ್ದು ಹರಕೆಯ ಗಂಟೆಯಾಗಿ ಗುಡಿಯಲ್ಲಿ ತೂಗುತ್ತದೆ, ಬಾರದ್ದನ್ನು ಮನೆಯವರು ನುಂಗಿಕೊಳ್ಳುತ್ತಾರೆ. ಹುಡುಗ ಒಂದು ಲೆಡ್ಜರ್ ಪುಸ್ತಕ ತಂದ. ನಾವಿಬ್ಬರೂ ಮನೆ ಮನೆಗೆ ಹೋಗಲು ಶುರು ಮಾಡಿದೆವು: ಸರ್ವೆ ನಂಬರು, ಕೊರೆಸಿದ ವರ್ಷ, ಆಳ, ಹೂ ಕೇಳಿದ್ದರೋ ಇಲ್ಲವೋ, ನೀರು ಬಂತೋ, ಎಷ್ಟು ಕಾಲ ನಿಂತಿತು. ಊರ ಕೆಲವು ಹಿರಿಯರಿಗೆ ಇದು ಸರಿಬರಲಿಲ್ಲ. ದೇವರ ಮೇಲೆ ಲೆಕ್ಕ ಇಡ್ತೀರಾ, ಮಿಲಿಟ್ರಿಗೆ ಹೋಗಿ ಬಂದವನು ನೀನೇ ಹಿಂಗೆ ಮಾಡಿದರೆ ಹೆಂಗೆ ಎಂದು ಕೇಳಿದರು. ಲೆಕ್ಕ ದೇವರ ಮೇಲಲ್ಲ, ಹೂವನ್ನು ಎಡ ಬಲ ಎಂದು ಓದಿದ ನಮ್ಮ ಮೇಲೆ ಎಂದು ಹೇಳಿದೆ. ಕೆಲವರು ಒಪ್ಪಿದರು, ಕೆಲವರು ಎದ್ದು ಹೋದರು. ಪುಸ್ತಕದಲ್ಲಿ ಇನ್ನೂ ಯಾವ ತೀರ್ಮಾನಕ್ಕೂ ಸಾಲುವಷ್ಟು ಬರಹವಿಲ್ಲ. ಹೋದ ತಿಂಗಳು ಗುಡಿಯ ಪೂಜಾರಪ್ಪ ತಾನಾಗಿಯೇ ಜಗಲಿಗೆ ಬಂದು, ತನ್ನ ಹೊಲದ ಎರಡು ಬೋರುಗಳ ವಿವರ ಬರೆಸಿದ. ಎರಡಕ್ಕೂ ತಾನೇ ಹೂ ಕೇಳಿದ್ದನಂತೆ, ಎರಡರಲ್ಲೂ ನೀರು ಬಂದಿರಲಿಲ್ಲ.