ಎಂಜಿನ್ನಿಗೂ ಒಂದು ಹದ

ಎರಡು ವರ್ಷ ನನ್ನ ಜೀಪಿನ ಹೀಟ್ ಮುಳ್ಳು ತಳ ಬಿಟ್ಟು ಏಳಲೇ ಇಲ್ಲ. ಅದನ್ನು ನಾನು ಒಳ್ಳೆಯ ಲಕ್ಷಣವೆಂದೇ ನಂಬಿದ್ದೆ. ಮೂಡಿಗೆರೆ ಸೀಮೆಯಲ್ಲಿ ತೋಟದ ಕೆಲಸಕ್ಕೆಂದು ಕೊಂಡ ಹಳೆಯ ಮಹೀಂದ್ರ ಎಂಎಂ540, ಒಳಗೆ 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಗೊಬ್ಬರದ ಚೀಲ, ಕಾಫಿ ಮೂಟೆ, ಮಳೆಗಾಲದ ಕೆಸರು ಎಲ್ಲವನ್ನೂ ಹೊತ್ತು ಬಂದ ಗಾಡಿ. ಏರಿನಲ್ಲಿ ಬೇರೆ ಗಾಡಿಗಳು ಬಾನೆಟ್ ಎತ್ತಿ ಹಬೆ ಬಿಡುತ್ತ ನಿಂತಿದ್ದರೆ ನನ್ನದು ತಣ್ಣಗೆ ಹತ್ತಿ ಹೋಗುತ್ತಿತ್ತು. ಡಿಸೆಂಬರಿನ ಬೆಳಗ್ಗೆ ಮಾತ್ರ ಅಂಗಳ ತುಂಬ ಬಿಳಿ ಹೊಗೆ. ಹಳೇ ಗಾಡಿ, ಇದ್ದದ್ದೇ ಎಂದುಕೊಂಡೆ.

ಒಂದು ದಿನ ಡಿಪ್‌ಸ್ಟಿಕ್ ಎಳೆದು ನೋಡಿದಾಗ ಎದೆ ಧಸಕ್ಕೆಂದಿತು. ಇಳಿಯಬೇಕಾದ ಆಯಿಲ್ ಏರಿತ್ತು. ಬೆರಳಿಗೆ ಹಚ್ಚಿ ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಆಯಿಲ್ ಹಾಕುವ ಮುಚ್ಚಳದ ಒಳಮೈಗೆ ಕಡೆದ ಮಜ್ಜಿಗೆಯಂಥ ಬಿಳಿ ನೊರೆ ಅಂಟಿತ್ತು. ಪೇಟೆಗೆ ಒಯ್ದು ಥರ್ಮೋಸ್ಟ್ಯಾಟ್ ಕೂರುವ ಗೂಡು ಬಿಚ್ಚಿಸಿದೆ. ಒಳಗೆ ಏನೂ ಇರಲಿಲ್ಲ.

"ಯಾರೋ ತೆಗೆದು ಬಿಸಾಕಿದ್ದಾರೆ ಸಾರ್. ಹೀಟ್ ಆಗ್ತದೆ ಅಂತ ಎಲ್ಲರೂ ತೆಗೆಸ್ತಾರೆ. ನಮ್ಮ ಕಡೆಗೆ ಅದು ಬೇಡವೇ ಬೇಡ" ಅಂದರು ಮೇಸ್ತ್ರಿ.

ಅವರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಆದರೆ ಈ ಒಂದು ಮಾತು ಎಷ್ಟು ಎಂಜಿನ್‌ಗಳ ಆಯಸ್ಸು ತಿಂದಿದೆಯೋ ಎಂದು ಆಮೇಲೆ ಸಂಕಟವಾಯಿತು.

ಥರ್ಮೋಸ್ಟ್ಯಾಟ್ ಎಂದರೆ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕ ಬಾಗಿಲು. ನಡುವೆ ಹಿತ್ತಾಳೆ ಬಣ್ಣದ ಒಂದು ಪುಟ್ಟ ಕುಡಿಕೆ, ಅದರ ತುಂಬ ಮೇಣ. ನೀರು ಬಿಸಿಯಾದಂತೆ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯೊಂದನ್ನು ಒತ್ತುತ್ತದೆ, ಬಾಗಿಲು ತೆರೆದು ನೀರು ರೇಡಿಯೇಟರಿಗೆ ಹೋಗುತ್ತದೆ. ಆರಿದರೆ ಸ್ಪ್ರಿಂಗು ಮತ್ತೆ ಮುಚ್ಚುತ್ತದೆ. ಕರೆಂಟಿಲ್ಲ, ವೈರಿಲ್ಲ. ಮೇಣದ ಈ ಉಪಾಯವನ್ನು 1930ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಸರ್ಜಿಯಸ್ ವರ್ನೆ. ತೊಂಬತ್ತು ವರ್ಷದ ಹತ್ತಿರಕ್ಕೆ ಬಂದರೂ ಮೂಲ ಉಪಾಯ ಇಂದಿಗೂ ಅದೇ. ಯಾವ ಶಾಖಕ್ಕೆ ತೆರೆಯಬೇಕು ಎಂಬುದನ್ನು ಮೈಮೇಲೇ ಒತ್ತಿರುತ್ತಾರೆ: 82, 88, ಹೀಗೆ.

ಬೆಲ್ಲದ ಪಾಕಕ್ಕೆ ಹದ ಉಂಟು, ಉಳುವ ಮಣ್ಣಿಗೆ ಹದ ಉಂಟು. ಹಾಗೆಯೇ ಎಂಜಿನ್ನಿಗೂ. ಅದರಲ್ಲೂ ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಲ್ಲೇ ಎಣ್ಣೆ ಹೊತ್ತಿಕೊಳ್ಳಬೇಕು. ಸುತ್ತಲ ಗೋಡೆ ತಣ್ಣಗಿದ್ದರೆ ಆ ಕಾವನ್ನು ಗೋಡೆಯೇ ಹೀರುತ್ತದೆ. ಪೂರ್ತಿ ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಗೆ ಹೋಗುವುದು ಸ್ವಲ್ಪ. ಇನ್ನು ಸ್ವಲ್ಪ ಸಿಲಿಂಡರಿನ ಗೋಡೆಗೆ ಬಡಿದು, ಅಲ್ಲಿದ್ದ ಆಯಿಲ್ ಪದರವನ್ನು ತೊಳೆದು, ಪಿಸ್ಟನ್ ರಿಂಗುಗಳ ಪಕ್ಕದಿಂದ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಆಯಿಲ್ ನೀರಾಗುತ್ತದೆ, ರಿಂಗು ಒಣಗೊಣಗಿ ಉಜ್ಜುತ್ತದೆ. ಉರಿದಾಗ ಹುಟ್ಟುವ ನೀರಾವಿಯೂ ತಣ್ಣನೆಯ ಎಂಜಿನ್ನಿನಲ್ಲಿ ಹೊರಗೆ ಹೋಗದೆ ಒಳಗೇ ಹನಿಗಟ್ಟುತ್ತದೆ. ನಾನು ಕಂಡ ಮಜ್ಜಿಗೆ ನೊರೆ ಅದೇ. ಡೀಸೆಲ್‌ನ ಗಂಧಕ ಆ ನೀರಿನ ಜೊತೆ ಸೇರಿದರೆ ಆಮ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಡೀಸೆಲ್ ಬಂದ ಮೇಲೆ ಗಂಧಕ ದಶಲಕ್ಷಕ್ಕೆ 10 ಭಾಗಕ್ಕೆ ಇಳಿದಿದೆ. ಈ ಜೀಪುಗಳ ಪ್ರಾಯದ ದಿನಗಳಲ್ಲಿ ಅದರ ಎಷ್ಟೋ ಪಟ್ಟು ಇರುತ್ತಿತ್ತು.

ಬಿಸಿ ಹೆಚ್ಚಾದರೆ ಎಂಜಿನ್ ಹಬೆ ಉಗುಳಿ ನಡುದಾರಿಯಲ್ಲಿ ನಿಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ. ತಣ್ಣಗಾಗಿ ಸವೆಯುವ ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ನಾವು ಮೊದಲನೆಯದಕ್ಕಷ್ಟೇ ಹೆದರಿ ಬಾಗಿಲನ್ನೇ ಕಿತ್ತೆಸೆದೆವು.

ಅಷ್ಟಕ್ಕೂ ಥರ್ಮೋಸ್ಟ್ಯಾಟ್ ತೆಗೆದರೆ ಹೀಟ್ ನಿಲ್ಲುತ್ತದೆಯೇ? ಅದು ಮುಚ್ಚಿಕೊಂಡೇ ಕೆಟ್ಟಿದ್ದರೆ ಆ ಹೊತ್ತಿಗೆ ಗಾಡಿ ಮನೆ ಮುಟ್ಟಬಹುದು, ನಿಜ. ಉಳಿದಂತೆ ಕಾರಣ ಬೇರೆ ಕಡೆ ಇರುತ್ತದೆ. ರೇಡಿಯೇಟರಿನ ಜಾಲದಲ್ಲಿ ಒಣಗಿದ ಕೆಸರು, ಹುಲ್ಲಿನ ಬೀಜ, ಒಳಗೆ ತುಕ್ಕು, ಸಡಿಲಾದ ಫ್ಯಾನ್ ಬೆಲ್ಟು. ಲೋ ಗೇರಿನಲ್ಲಿ ತೆವಳುತ್ತ ಹತ್ತುವಾಗ ಎದುರು ಗಾಳಿಯೂ ಸಿಗುವುದಿಲ್ಲ, ಎಲ್ಲ ಭಾರವೂ ಫ್ಯಾನಿನ ಮೇಲೆಯೇ. 82 ಬೇಡ, 71 ಹಾಕಿ, ತಂಪಾಗಿರುತ್ತದೆ ಎನ್ನುವ ಸಲಹೆಯೂ ಬಂತು. ಬಾಗಿಲು ಪೂರ್ತಿ ತೆರೆದ ಮೇಲೆ ಅದು 71ರದ್ದಾದರೇನು, 82ರದ್ದಾದರೇನು? ಅಲ್ಲಿಂದ ಮುಂದೆ ತಣಿಸುವ ತಾಕತ್ತು ರೇಡಿಯೇಟರಿನದು. ಇನ್ನು ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟ್ಯಾಟಿನ ಕೆಳತುದಿಯ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚಬೇಕು. ತೆಗೆದುಬಿಟ್ಟರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಹೀಟಿಗೆ ಹೆದರಿ ತೆಗೆದವರಿಗೆ ಹೀಟೇ ಹೆಚ್ಚುತ್ತದೆ.

ಹಾಗಾಗಿ ರೇಡಿಯೇಟರ್ ಬಿಚ್ಚಿ ತೊಳೆಸಿದೆ, ಬೆಲ್ಟು ಬದಲಿಸಿದೆ, ರೇಡಿಯೇಟರಿನ ಮುಚ್ಚಳವನ್ನೂ ಹೊಸದು ತಂದೆ. ಆ ಮುಚ್ಚಳ ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ತಡೆಯುತ್ತದೆ. ಘಟ್ಟದ ಮೇಲಿನ ನಮಗೆ ಅದು ಇನ್ನೂ ಮುಖ್ಯ. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಸವೆದ ಮುಚ್ಚಳ ಹಾಕಿಕೊಂಡು ಮುಳ್ಳಯ್ಯನಗಿರಿ ಹತ್ತಿದರೆ 94ರ ಹತ್ತಿರವೇ ಕುದಿ ಬರುತ್ತದೆ.

ಥರ್ಮೋಸ್ಟ್ಯಾಟ್ ಎರಡು ತಂದೆ. ಒಂದು ಕಡಿಮೆ ಬೆಲೆಯದು, ಹಗುರ. ಇನ್ನೊಂದು ತೂಕದ್ದು. ಅದರ ಅಂಚಿನಲ್ಲಿ ಸಣ್ಣ ತೂತು, ತೂತಿನಲ್ಲಿ ಅಲ್ಲಾಡುವ ಪುಟ್ಟ ಗುಂಡುಪಿನ್ನು. ನೀರು ತುಂಬುವಾಗ ಸಿಕ್ಕಿಬಿದ್ದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಎರಡಕ್ಕೂ 82 ಎಂದೇ ಒತ್ತಿತ್ತು. ಒತ್ತಿದ್ದನ್ನು ಕಣ್ಣುಮುಚ್ಚಿ ನಂಬಬಾರದು ಎಂದು ಅಡುಗೆಮನೆಗೆ ಒಯ್ದೆ. ಬಾಗಿಲಿನ ಸಂದಿಗೆ ದಾರದ ತುದಿ ಸಿಕ್ಕಿಸಿ, ಆ ದಾರದಿಂದಲೇ ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ಇಳಿಬಿಡಬೇಕು. ಬಾಗಿಲು ತೆರೆದ ಕ್ಷಣ ಹಿಡಿತ ತಪ್ಪಿ ಕೆಳಗೆ ಬೀಳುತ್ತದೆ, ಆಗ ಥರ್ಮಾಮೀಟರ್ ನೋಡಬೇಕು. ಅಮ್ಮ ಪಕ್ಕದಲ್ಲಿ ನಿಂತು, ಪಾಕ ನೋಡುವವರ ಹಾಗೆ ಬಗ್ಗಿ ನೋಡುತ್ತಿದ್ದರು. ತೂಕದ್ದು 83ಕ್ಕೆ ಟಣ್ಣೆಂದು ಬಿತ್ತು. ಹಗುರದ್ದು 90 ದಾಟಿದರೂ ದಾರ ಬಿಡಲಿಲ್ಲ.

"ಉರಿ ಜಾಸ್ತಿ ಮಾಡ್ಲೇನೋ?" ಅಂದರು.

"ಬೇಡಮ್ಮ, ಇದು ಗಾಡಿಗೆ ಆಗೋದಿಲ್ಲ."

ಆ ಮೇಸ್ತ್ರಿಯೇ ಹೊಸ ಗ್ಯಾಸ್ಕೆಟ್ ಇಟ್ಟು, ಗಾಳಿತೂತು ಮೇಲಕ್ಕೆ ಬರುವಂತೆ, ಕುಡಿಕೆಯ ಕಡೆ ಎಂಜಿನ್ನಿನತ್ತ ಮುಖ ಮಾಡಿ ಕೂರಿಸಿದರು. ಡೀಸೆಲ್ ಬೆರೆತ ಆಯಿಲ್ ಚೆಲ್ಲಿ ಹೊಸದು ಹಾಕಿದೆವು. ಹಳ್ಳದ ನೀರಿನ ಬದಲು ಕೂಲಂಟ್ ಬೆರೆಸಿ ತುಂಬಿದೆವು. ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಪೈಪಿನ ಮೇಲೆ ಕೈಯಿಟ್ಟು ನಿಂತೆ. ಎರಡು ನಿಮಿಷ, ಐದು ನಿಮಿಷ, ಪೈಪು ತಣ್ಣಗೇ ಇತ್ತು. ಒಳಗೆ ಮುಳ್ಳು ಏಳತೊಡಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ನಡುಮಧ್ಯಕ್ಕೆ ಬಂತು. ಮೇಸ್ತ್ರಿ ಆಕ್ಸಿಲರೇಟರ್ ಕೇಬಲ್ಲನ್ನು ಮೆಲ್ಲಗೆ ಎಳೆದು ಹಿಡಿದಿದ್ದರು. ಇದ್ದಕ್ಕಿದ್ದಂತೆ ಅಂಗೈ ಕೆಳಗೆ ಪೈಪು ಒಮ್ಮೆ ಉಬ್ಬಿ, ಕೈ ಹಿಂತೆಗೆಯುವಷ್ಟು ಬಿಸಿಯಾಯಿತು. "ತೆರೀತು" ಅಂದೆ. ಅವರೂ ಕೈಯೊರೆಸಿಕೊಂಡು ಬಂದು ಪೈಪು ಮುಟ್ಟಿ ನೋಡಿದರು.