ಹದ ಮರೆತ ಕಾರು

ಪಕ್ಕದ ಮನೆಯ ರಾಯರು ಮಗಳ ಊರಿಗೆ ಹೊರಡುವ ಹಿಂದಿನ ಸಂಜೆ ಕಾರಿನ ಬಾನೆಟ್ ಎತ್ತಿ, 10ನೇ ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟರು. ಜಾಣತನವೇ. ನಿಂತ ಕಾರೂ ಕರೆಂಟು ಕುಡಿಯುತ್ತದೆ. ಅಲಾರಂ, ಗಡಿಯಾರ, ಕಂಪ್ಯೂಟರ್ ಎಲ್ಲ ಸೇರಿ 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ 35 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ 700 ಗಂಟೆಯಲ್ಲಿ, ಅಂದರೆ ತಿಂಗಳೊಳಗೆ ಬರಿದು. ಪ್ಲಸ್ಸಿಗೆ ಕೈ ಹಾಕದೆ ಮೈನಸ್ ಬಿಡಿಸಿದ್ದೂ ಸರಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

ಐದು ವಾರದ ಮೇಲೆ ಬಂದು ತಂತಿ ಸಿಕ್ಕಿಸಿ ಕೀಲಿ ತಿರುಗಿಸಿದರು. ಮೊದಲ ಸಲಕ್ಕೇ ಸ್ಟಾರ್ಟ್. ಆದರೆ ಬಡಾವಣೆಯ ಸಿಗ್ನಲ್ಲಿನಲ್ಲಿ ನಿಂತದ್ದೇ ತಡ, ಚಳಿ ಹಿಡಿದವರ ಹಾಗೆ ನಡುಗಿ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಿಂದಿನಿಂದ ಆಟೊಗಳ ಹಾರ್ನು. "ಏನ್ರೀ ಇದು, ಬಿಟ್ಟು ಹೋದದ್ದಕ್ಕೆ ಮುನಿಸಿಕೊಂಡಿತೇ?" ಎಂದು ಬೆವರೊರೆಸಿಕೊಳ್ಳುತ್ತ ನಮ್ಮ ಗೇಟಿನ ಹತ್ತಿರ ಬಂದರು.

"ಮುನಿಸೆಲ್ಲಿ ಬಂತು ರಾಯರೇ, ಮರೆವು" ಎಂದೆ.

ಕಾರ್ಬೊರೇಟರ್ ಕಾಲದಲ್ಲಿ ಮೇಸ್ತ್ರಿ ಎಂಜಿನ್ನಿನ ಸದ್ದಿಗೆ ಕಿವಿಯಿಟ್ಟು, ಮಿಕ್ಸ್ಚರ್ ಸ್ಕ್ರೂವನ್ನು ಅರ್ಧ ಸುತ್ತು ಬಿಗಿದು, ಕಾಲು ಸುತ್ತು ಸಡಿಲಿಸಿ ಹದ ಕೂರಿಸುತ್ತಿದ್ದ. ಆ ಹದ ತಿರುಪಿನಲ್ಲಿ ಕೂತಿರುತ್ತಿತ್ತು. ಬ್ಯಾಟರಿಯನ್ನು ಕಿತ್ತು ಬಾವಿಗೆ ಎಸೆದರೂ ಅಲುಗುತ್ತಿರಲಿಲ್ಲ. ಈಗ ಆ ಕೆಲಸ ಇಸಿಯು ಎಂಬ ಡಬ್ಬಿಯದು. ಅದಕ್ಕೆ ನೆನಪು ಎರಡು ಬಗೆ. ಒಂದು, ಕಾರ್ಖಾನೆಯಲ್ಲೇ ಬರೆದು ಕಳಿಸಿದ ಮೂಲ ಲೆಕ್ಕ: ಇಷ್ಟು ಗಾಳಿ, ಇಷ್ಟು ವೇಗ ಇದ್ದರೆ ಇಷ್ಟು ಪೆಟ್ರೋಲ್, ಕಿಡಿ ಇಂಥ ಗಳಿಗೆಗೆ. ಇದು ಕರೆಂಟಿಲ್ಲದಿದ್ದರೂ ಅಳಿಯದು. ದುಡ್ಡು ಸುರಿದು ಈ ಲೆಕ್ಕವನ್ನೇ ತಿದ್ದಿಸಿದ, ಅಂದರೆ ರೀಮ್ಯಾಪ್ ಮಾಡಿಸಿದ ಹುಡುಗರು ಬ್ಯಾಟರಿ ಬಿಚ್ಚಲು ಹೆದರುತ್ತಾರೆ. ಆ ಭಯ ಬೇಡ, ಅದೂ ಇಲ್ಲೇ ಕೂತಿರುತ್ತದೆ.

ಇನ್ನೊಂದು, ಓಡಿಸುತ್ತ ಓಡಿಸುತ್ತ ಕಲಿತದ್ದು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಎಥೆನಾಲಿಗೆ ಒಂಬತ್ತೇ ಸಾಕು. ಬಂಕಿನ ಪೆಟ್ರೋಲಿಗೆ ಶೇಕಡಾ 20 ಪಾಲು ಎಥೆನಾಲ್ ಬೆರೆತ ಮೇಲೆ ಹಳೆಯ ಕಾರುಗಳ ಮೂಲ ಲೆಕ್ಕ ತುಸು ತಪ್ಪಿತು. ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರ್ ಹೊಗೆ ಮೂಸಿ 'ಪೆಟ್ರೋಲ್ ಸಾಲದು' ಎನ್ನುತ್ತದೆ, ಇಸಿಯು ಒಂದಿಷ್ಟು ಹೆಚ್ಚಿಗೆ ಕೊಡುತ್ತದೆ. ದಿನವೂ ಅದೇ ದೂರು ಬಂದರೆ 'ಈ ಗಾಡಿಗೆ ಶೇಕಡಾ 5 ಜಾಸ್ತಿ' ಎಂದು ಬರೆದಿಟ್ಟುಕೊಳ್ಳುತ್ತದೆ. ಕೊಳೆ ಕಟ್ಟಿದ ಇಂಜೆಕ್ಟರ್, ಸುಸ್ತಾದ ಪಂಪು, ಎಲ್ಲೋ ಸೋರುವ ಗಾಳಿ, ಎಲ್ಲಕ್ಕೂ ಹೀಗೇ ಒಂದೊಂದು ಟಿಪ್ಪಣಿ. ಹಳೆಯ ಕಾರುಗಳಲ್ಲಿ ಈ ಟಿಪ್ಪಣಿಗಳಿಗೆ ಬ್ಯಾಟರಿಯ ಕರೆಂಟೇ ಆಧಾರ. ಮೈನಸ್ ಬಿಚ್ಚಿದರೆ ಹಾಳೆ ಖಾಲಿ.

ರಾಯರ ಕಾರಿನಲ್ಲಿ ಆದದ್ದು ಇದರ ತಮ್ಮನಂಥದ್ದು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆಯ ಅಂಚಿಗೆ ವರ್ಷಗಟ್ಟಲೆ ಮಸಿ ಕಟ್ಟಿ ದಾರಿ ಕಿರಿದಾಗಿತ್ತು. ಇಸಿಯು ತಟ್ಟೆಯನ್ನು ಕೂದಲೆಳೆಯಷ್ಟು ಹೆಚ್ಚು ತೆರೆಯುತ್ತ ಸರಿದೂಗಿಸಿಕೊಂಡು ಬಂದಿತ್ತು. ನೆನಪು ಅಳಿದ ಮೇಲೆ ಹೊಸ ಕಾರಿನ ಅಳತೆಗೇ ತೆರೆಯಿತು, ಮಸಿ ಮಾತ್ರ ಹಳೆಯದೇ. ಉಸಿರು ಸಾಲಲಿಲ್ಲ. ಇದು ತಿರುವುಮುರುವಾಗಿಯೂ ಆಗುತ್ತದೆ: ಮಸಿ ಉಜ್ಜಿ, ಹಳೆಯ ನೆನಪನ್ನು ಹಾಗೇ ಬಿಟ್ಟರೆ ನಿಂತಲ್ಲೇ ಎಂಜಿನ್ ಭೋರ್ಗರೆಯುತ್ತದೆ.

ಇಷ್ಟಾದರೂ 'ಬ್ಯಾಟರಿ ಬಿಚ್ಚಿ ಹಾಕಿ, ಪಿಕಪ್ ಬರುತ್ತೆ' ಎಂಬ ಗ್ಯಾರೇಜು ವೈದ್ಯ ನಿಂತಿಲ್ಲ. ಅದರಲ್ಲಿ ಎಳ್ಳಷ್ಟು ನಿಜವೂ ಇದೆ, ಅದೇ ತೊಂದರೆ. ಕೆಟ್ಟ ಪೆಟ್ರೋಲಿಗೆ ಎಂಜಿನ್ ಕಟಕಟ ಎಂದಾಗ ಇಸಿಯು ಕಿಡಿಯನ್ನು ತಡ ಮಾಡಿ ಎಂಜಿನ್ನನ್ನು ಕಾಪಾಡಿರುತ್ತದೆ. ಕೆಲವು ಕಾರುಗಳಲ್ಲಿ ಅದೂ ಅಳಿಯುತ್ತದೆ, ಎರಡು ದಿನ ಕಾರು ಜಿಗಿಯುತ್ತದೆ. ಆಮೇಲೆ ಮತ್ತೆ ಕಟಕಟ ಕೇಳಿ ಪಾಠ ಕಲಿತು ಹಳೆಯ ನಡಿಗೆಗೇ ಬರುತ್ತದೆ. ಕೂಲಿ ಕೊಟ್ಟವರು ಆ ಎರಡು ದಿನವನ್ನೇ ನೆನಪಿಟ್ಟುಕೊಂಡಿರುತ್ತಾರೆ.

ಸೆಕೆಂಡ್ ಹ್ಯಾಂಡ್ ಕಾರು ಮಾರುವವರಲ್ಲಿ ಕೆಲವರು ಇದನ್ನು ಬೇರೆಯೇ ಕೆಲಸಕ್ಕೆ ಬಳಸುತ್ತಾರೆ. ಹಿಂದಿನ ರಾತ್ರಿ ಬ್ಯಾಟರಿ ಬಿಚ್ಚಿಟ್ಟರೆ ಎಷ್ಟೋ ಕಾರುಗಳಲ್ಲಿ ಚೆಕ್ ಎಂಜಿನ್ ದೀಪ ಆರುತ್ತದೆ, ರೋಗ ಒಳಗೇ. ಅಮೆರಿಕದಲ್ಲಿ 1996ರಿಂದ ಕಾರುಗಳಿಗೆ ಒಬಿಡಿ-2, ಅಂದರೆ ಕಾರೇ ತನ್ನ ದೋಷ ಪತ್ತೆಹಚ್ಚಿ ಕೋಡುಗಳಲ್ಲಿ ಬರೆದಿಡುವ ವ್ಯವಸ್ಥೆ, ಕಡ್ಡಾಯ. ಅಲ್ಲಿನ ಹಲವು ರಾಜ್ಯಗಳ ಹೊಗೆ ತಪಾಸಣೆಯಲ್ಲಿ, ಕಂಪ್ಯೂಟರ್ ತನ್ನ ಸ್ವಪರೀಕ್ಷೆಗಳನ್ನು ಮುಗಿಸದೆ ಬಂದ ಕಾರನ್ನು ವಾಪಸು ಕಳಿಸುತ್ತಾರೆ. ಬ್ಯಾಟರಿ ಬಿಚ್ಚಿದರೂ ಅಳಿಯದ ಕೋಡುಗಳು 2010ರ ಮಾದರಿಗಳಿಂದ ಬರತೊಡಗಿದವು. ನಮ್ಮ ಹೊಗೆ ತಪಾಸಣೆಯವರು ಕೊಳವೆಗೆ ಕಡ್ಡಿ ತೂರಿಸಿ ಚೀಟಿ ಹರಿದುಕೊಡುತ್ತಾರೆ. ಹಾಗಾಗಿ ಕೊಳ್ಳುವವರು ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯುವುದು ಲೇಸು. ಪರೀಕ್ಷೆಗಳೆಲ್ಲ 'ರೆಡಿ ಇಲ್ಲ' ಎಂದರೆ ನೆನಪು ನಿನ್ನೆ ಮೊನ್ನೆ ಅಳಿದಿದೆ ಎಂದೇ ಅರ್ಥ.

ರಾಯರಿಗೆ ಹೇಳಿದ್ದು ಇಷ್ಟೇ: ಎಸಿ ಹಾಕದೆ, ಆಕ್ಸಿಲರೇಟರ್ ಮುಟ್ಟದೆ ಹತ್ತು ನಿಮಿಷ ಐಡಲಿಂಗ್ ಬಿಡಿ, ಆಮೇಲೆ ಎಸಿ ಹಾಕಿ ಐದು ನಿಮಿಷ, ನಂತರ ರಿಂಗ್ ರೋಡಿನಲ್ಲಿ ಒಂದು ಸುತ್ತು. ಎಲ್ಲ ಕಾರಿಗೂ ಇದೇ ಮದ್ದಲ್ಲ, ಕೆಲವಕ್ಕೆ ಸ್ಕ್ಯಾನರೇ ಬೇಕು. ರಾಯರ ಪುಣ್ಯ, ಇದು ಕಲಿಯಿತು. ನಾಲ್ಕನೇ ದಿನಕ್ಕೆ ಸಿಗ್ನಲ್ಲಿನಲ್ಲಿ ತಣ್ಣಗೆ ನಿಂತಿತು.

ಗಡಿಯಾರ ಮಾತ್ರ ತಂತಿ ಸಿಕ್ಕಿಸಿದ ಗಳಿಗೆಯನ್ನೇ ಹನ್ನೆರಡು ಗಂಟೆ ಎಂದುಕೊಂಡಿದೆ. ಅದನ್ನು ತಿದ್ದುವ ಗುಂಡಿ ಯಾವುದೆಂದು ರಾಯರಿಗೆ ಗೊತ್ತಿಲ್ಲ, ಕೇಳಲು ಸಂಕೋಚ. ಅದು ತೋರಿಸುವ ಹೊತ್ತಿಗೆ ನಾಲ್ಕು ಗಂಟೆ ಹತ್ತು ನಿಮಿಷ ಕೂಡಿಸಿ ಓದಿಕೊಳ್ಳುತ್ತಿದ್ದಾರೆ.