ತೇಲಿಸುವ ಮಾತು

ಕನ್ನಡದ 'ತೇಲಿಸು' ಎಂಬ ಕ್ರಿಯಾಪದವು ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ನೀರಿನ ಮೇಲೆ ದೋಣಿಯನ್ನು ತೇಲಿಸುವುದು ಒಂದು. ಭಾರವುಳ್ಳ ಸಂಗತಿಯನ್ನು ಭಾರವೇ ಇಲ್ಲವೆಂಬಂತೆ ಮಾತಿನಲ್ಲಿ ದಾಟಿಸಿಬಿಡುವುದು ಇನ್ನೊಂದು. ಈ ಎರಡನೆಯದು 'ಅಲ್ಲಗಳೆಯು'ವುದಕ್ಕಿಂತ ಭಿನ್ನ. ಅಲ್ಲಗಳೆಯುವವನು ನಡೆದದ್ದನ್ನೇ ಇಲ್ಲವೆನ್ನುತ್ತಾನೆ; ಅವನ ಸುಳ್ಳನ್ನು ಸಾಕ್ಷಿಯಿಂದ ಹಿಡಿಯಬಹುದು. ತೇಲಿಸುವವನಾದರೋ ನಡೆದದ್ದನ್ನು ಒಪ್ಪಿಕೊಂಡೇ ಅದರ ತೂಕವನ್ನು ಇಳಿಸುತ್ತಾನೆ. 'ಹೌದು, ಏನೋ ಒಂದು ಮಾತು ಬಂತು, ಅದಕ್ಕೆ ಇಷ್ಟೇಕೆ?' ಎಂಬಲ್ಲಿ ಸುಳ್ಳು ಯಾವ ಪದದಲ್ಲಿದೆಯೆಂದು ತೋರಿಸುವುದು ಕಷ್ಟ.

ಹಾಗಾದರೆ ಇದು ಸತ್ಯವ್ರತಕ್ಕೆ ಸೋಂಕುವ ದೋಷವೋ ಅಲ್ಲವೋ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ 'ನ್ಯಾಸಾಪಹಾರ'ವೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿದ್ದಾರೆ. ಹೊನ್ನನ್ನು ನಂಬಿ ಇರಿಸಿದವನು ಎಣಿಕೆ ಮರೆತು, ಇಟ್ಟದ್ದಕ್ಕಿಂತ ಕಡಿಮೆ ಕೇಳುತ್ತಾನೆ. ಇರಿಸಿಕೊಂಡವನು ಹೌದು, ಅಷ್ಟೇ ಎಂದು ಸಮ್ಮತಿಸುತ್ತಾನೆ. ಪರಧನ ಉಳಿಸಿಕೊಂಡದ್ದರಿಂದ ಇದನ್ನು ಅಚೌರ್ಯದ ಲೆಕ್ಕಕ್ಕೆ ಹಾಕಬಹುದಿತ್ತು. ಹಾಕಿದ್ದು ಸತ್ಯದ ಲೆಕ್ಕಕ್ಕೆ. ಆ 'ಅಷ್ಟೇ' ಎಂಬ ನುಡಿಯಲ್ಲಿಯೇ ಅಪರಾಧವಿದೆಯೆಂಬುದು ಇದರಿಂದ ಸ್ಪಷ್ಟ.

ತಪ್ಪನ್ನು ಒಪ್ಪಿಕೊಳ್ಳುವಾಗಲೂ ಮನಸ್ಸು ಈ ಚಾತುರ್ಯವನ್ನು ಬಿಡದು. ಗುರುವಿನ ಮುಂದೆ ದೋಷವನ್ನು ನಿವೇದಿಸುವ ಆಲೋಚನೆಗೆ ಭಗವತೀ ಆರಾಧನೆಯು ಹತ್ತು ದೋಷಗಳನ್ನು ಹೇಳುತ್ತದೆ. ಇತರರ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಹೇಳುವುದು ಒಂದು. ದೊಡ್ಡದನ್ನು ಬಚ್ಚಿಟ್ಟು ಚಿಕ್ಕದನ್ನು ಹೇಳುವುದು ಇನ್ನೊಂದು. 'ಶಬ್ದಾಕುಲಿತ'ವಂತೂ ಎಲ್ಲಕ್ಕಿಂತ ಜಾಣತನದ್ದು: ಎಲ್ಲರ ದನಿ ಸೇರಿ ಗದ್ದಲವಾಗಿರುವಾಗ, ಗುರುವಿಗೆ ಕೇಳಿಸದಂತೆ ಹೇಳಿ ಮುಗಿಸುವುದು. ಹೇಳಿದ್ದೂ ಆಯಿತು, ತೇಲಿಸಿದ್ದೂ ಆಯಿತು! ತತ್ತ್ವಾರ್ಥಸೂತ್ರದ ಕೊನೆಯ ಅಧ್ಯಾಯದಲ್ಲಿ ಮುಕ್ತಜೀವಕ್ಕೆ ದೃಷ್ಟಾಂತವಾಗಿ ಬರುವ ಸೋರೆಬುರುಡೆಯು, ಮೆತ್ತಿದ ಮಣ್ಣು ಕರಗಿದ ಮೇಲೆ ತಾನಾಗಿಯೇ ಮೇಲೇಳುತ್ತದೆ. ಮಣ್ಣಿರುವಾಗಲೇ ಅದನ್ನು ತೇಲಿಸಹೊರಡುವುದು ಬೇರೆ ಬಗೆಯ ಕೆಲಸ.

ಆದರೆ ಹಗುರಗೊಳಿಸುವ ಮಾತೆಲ್ಲವೂ ದೋಷವೇ? 'ಇರಲಿ ಬಿಡಿ, ಅದೇನು ಮಹಾ' ಎಂಬುದನ್ನು ನೊಂದವನು ಆಡಿದರೆ ಕ್ಷಮೆಯಾಗುತ್ತದೆ. ಅದೇ ಮಾತನ್ನು ನೋಯಿಸಿದವನು ಆಡಿದರೆ ಎರಡನೆಯ ಪೆಟ್ಟಾಗುತ್ತದೆ. ಪದಗಳು ಅವೇ; ಆಡುವ ಅಧಿಕಾರ ಮಾತ್ರ ಒಬ್ಬನಿಗೇ ಸೇರಿದ್ದು.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ವಿಧವೆಯಾದ ತಂಗಿ, ಮಗನ ಓದಿಗೆಂದು ಅಣ್ಣನಲ್ಲಿ ಹಣ ಇರಿಸಿದ್ದಳು. ಅಣ್ಣ ಅದನ್ನು ಅಂಗಡಿಗೆ ತೊಡಗಿಸಿದ. ನಾಲ್ಕು ವರ್ಷ ತಡವಾಗಿ ಪೂರ್ತಿಯಾಗಿ ಹಿಂದಿರುಗಿಸಿದ. ಅಷ್ಟರಲ್ಲಿ ಹುಡುಗನ ಓದು ನಿಂತು, ಅವನು ಕೂಲಿಗೆ ಸೇರಿಯಾಗಿತ್ತು. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಅಣ್ಣ ಕೈಮುಗಿದು, 'ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ ಕ್ಷಮಿಸಮ್ಮ' ಎನ್ನುತ್ತಾನೆ. ಆ 'ಆಗಿದ್ದರೆ' ಎಂಬುದರಲ್ಲಿ ನಾಲ್ಕು ವರ್ಷಗಳೂ ತೇಲಿಹೋಗುತ್ತವೆ. ತಂಗಿಯ ಮನಸ್ಸು ದೊಡ್ಡದು. 'ಇರಲಿ ಬಿಡಣ್ಣ, ಹಣ ಬಂತಲ್ಲ' ಎನ್ನುತ್ತಾಳೆ. ತನ್ನ ಪಾಲಿನ ನೋವನ್ನು ಹಗುರಗೊಳಿಸಲು ಅವಳಿಗೆ ಅಧಿಕಾರವಿದೆ. ಬಾಗಿಲ ಬಳಿ ನಿಂತಿರುವ ಮಗನನ್ನು ಮಾತ್ರ ಇಬ್ಬರೂ ಏನನ್ನೂ ಕೇಳಿಲ್ಲ.